ಮುಟ್ಟದೆ ಬಿಟ್ಟ ಅನ್ನ

ಸರವಾಕಿನ ಮೇಲ್ನದಿಯ ನಮ್ಮ ಪೇಟೆಗೆ ಬರುವ ಹೊರದೇಶದ ಡಾಕ್ಟರುಗಳಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಮಾಂಡಲೆಯಲ್ಲಿ ಹೆರಿಗೆ ವಾರ್ಡು ನಡೆಸಿ, ಅಲ್ಲಿನ ಗಲಭೆಗೆ ಹೆದರಿ ಬಂದ ಸಂದಾಳಿಗೆ ಸಿಕ್ಕವರು ಡಾಕ್ಟರ್ ಮ್ಯೊ. ಅವರೂ ಬರ್ಮಾದವರೇ, ಇಲ್ಲಿ ಹಳಬರು. ಬಂದ ವಾರವೇ ಅವಳನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಶುರುಮಾಡಿದರು.

“ನೋಡು ತಂಗಿ, ಅಲ್ಲಿ ನೀನು ದೊಡ್ಡ ಡಾಕ್ಟ್ರೇ ಇರಬಹುದು. ಇಲ್ಲಿ ಸ್ವಲ್ಪ ದಿನ ಬಾಯಿ ಮುಚ್ಕೊಂಡಿರು. ಏನು ಮಾಡಿದ್ರೂ ಬರೆದಿಡು. ಗೊತ್ತಾಗದಿದ್ರೆ ಮೇಲಿನೋರಿಗೆ ಫೋನ್ ಮಾಡು, ನಾಚ್ಕೋಬೇಡ. ಪೇಷೆಂಟು ಆಸ್ಪತ್ರೆಗೆ ಬರಲ್ಲ ಅಂದ್ರೆ ಸಹಿ ಹಾಕಿಸ್ಕೋ, ಆಮೇಲೆ ನಿನ್ನ ತಲೆಗೆ ಬರಲ್ಲ. ಮತ್ತೆ, ಯಾರ ಮನೇಲೂ ಏನೂ ತಗೋಬೇಡ. ಒಂದು ಬಾಳೆಹಣ್ಣು ತಿಂದ್ರೂ ಲಂಚ ಅಂತಾರೆ.”

“ಅಷ್ಟೊಂದು ಕಟ್ಟುನಿಟ್ಟಾ ಅಣ್ಣ?”

“ಒಂದು ದೂರು ಹೋದ್ರೆ ವಾಪಸ್ ವಿಮಾನ ಹತ್ತಬೇಕಮ್ಮ. ಅಲ್ಲಿಗೆ ಹೋಗಿ ಏನ್ ಮಾಡ್ತೀಯ?”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಈ ಮಹಾಶಯರು ಇಷ್ಟು ವರ್ಷವೂ ಆಸ್ಪತ್ರೆಯ ಗೋಡೆ ದಾಟಿದವರಲ್ಲ. ನದಿಯ ದಡದಲ್ಲಿ ಕಂಬಗಳ ಮೇಲೆ ನಿಂತ, ಊರಿಗೆ ಊರೇ ಒಂದೇ ಸೂರಿನಡಿ ಬಾಳುವ ಒಂದು ಉದ್ದಮನೆಯನ್ನೂ ಹತ್ತಿ ನೋಡಿದವರಲ್ಲ. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗಾಯಿತು.

ಸಂದಾ ಮೊದಲ ಸಲ ರೋಗಿಗಳನ್ನು ನೋಡಲು ನದಿಯಲ್ಲಿ ಇನ್ನೂ ಮೇಲಕ್ಕೆ ಹೊರಟಾಗ ಜೊತೆಗೆ ಹೋಗಬೇಕಿದ್ದ ನರ್ಸಿಗೆ ಜ್ವರ. ಹೋದವನು ದೋಣಿ ನಡೆಸುವ ಲಾಂಟಿಂಗ್ ಒಬ್ಬನೇ, ಅವನೂ ಎಂಜಿನ್ ರಿಪೇರಿ ಅಂತ ನೀರಿನ ಬಳಿಯೇ ಉಳಿದ. ಮೇಲೆ, ಉದ್ದಮನೆಯ ಪಡಸಾಲೆಯಲ್ಲಿ, ಸಂದಾ ಚಾಪೆಯ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡಿದಳು. ಲುಲಾ ಎಂಬವಳ ಸರದಿ ಬಂತು. ತುಂಬಿದ ಬಸುರಿ, ಕಾಲು ಮುಖವೆಲ್ಲ ಬಾತಿತ್ತು, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದಳು, ರಕ್ತದೊತ್ತಡ ವಿಪರೀತ ಏರಿತ್ತು. ಯಾವ ಗಳಿಗೆಯಲ್ಲಾದರೂ ಮೈ ಸೆಟೆದು ಸೆಳೆತ ಬರಬಹುದು. ತಾಯಿ, ಮಗು ಎರಡೂ ಜೀವಕ್ಕೆ ಅಪಾಯ.

“ಈಗಲೇ ನನ್ನ ಜೊತೆ ಹೊರಡಬೇಕು,” ಎಂದಳು ಸಂದಾ. ಲುಲಾಳ ಗಂಡ ಮರ ಕಡಿಯುವ ಕ್ಯಾಂಪಿನಲ್ಲಿದ್ದ. ಮಿಂದು ಎಂಬ ಹೆಸರಿನ ಅವಳ ಅತ್ತೆ ಒಪ್ಪಿದಳು, ಸೊಸೆಯೂ ಬಟ್ಟೆ ಕಟ್ಟಿಕೊಂಡಳು. ಸಂದಾ ಸೂಜಿಮದ್ದು ಚುಚ್ಚಿ ಎದ್ದಳು. ಅಷ್ಟರಲ್ಲಿ ಮಿಂದು ಅಜ್ಜಿ ತಟ್ಟೆ ತಂದಳು, ಬಿಸಿ ಅನ್ನ, ಹೊಗೆ ಹಾಕಿದ ಮೀನು.

“ಒಂದು ತುತ್ತು ಉಂಡು ಹೋಗಿ ಡಾಕ್ಟ್ರಮ್ಮ.”

“ಬೇಡ, ಬೇಡ, ಹೊತ್ತಾಯ್ತು,” ಎಂದು ಸಂದಾ ಕೈ ಬೀಸಿ ಮೆಟ್ಟಿಲಿಳಿದುಬಿಟ್ಟಳು.

ದೋಣಿಯಲ್ಲಿ ಕಾದದ್ದೇ ಬಂತು. ಲುಲಾ ಬರಲಿಲ್ಲ. ಹುಡುಕಲು ಹೋದ ಲಾಂಟಿಂಗ್ ಮುಖ ಬಾಡಿಸಿಕೊಂಡು ಬಂದ.

“ಅಜ್ಜಿ ಕೊಟ್ಟ ಅನ್ನ ಮುಟ್ಟಲಿಲ್ವಂತೆ?”

“ಹಸಿವಿರಲಿಲ್ಲ.”

“ಅಯ್ಯೋ ತಾಯಿ, ಉಣ್ಣಬೇಕು ಅಂತ ಯಾರಂದ್ರು? ಬೆರಳು ತಾಗಿಸಿದ್ರೆ ಸಾಕಿತ್ತಲ್ಲ! ಕೊಟ್ಟ ಅನ್ನ ಮುಟ್ಟದೆ ಹೊರಟೋರಿಗೆ ದಾರೀಲಿ ಕಂಟಕ ಕಾದಿರುತ್ತೆ. ಹಾವೋ ಮೊಸಳೆಯೋ, ಇಲ್ಲಾ ದೋಣಿ ಮಗುಚುತ್ತೆ. ಈಗ ನಿಮ್ಮ ಜೊತೆ ಬಸುರಿ ಹೆಂಗಸನ್ನ ಯಾರು ಕಳಿಸ್ತಾರೆ ಹೇಳಿ?”

ಸಂದಾಳಿಗೆ ರೇಗಿತು. ಧಡಧಡ ಮೆಟ್ಟಿಲು ಹತ್ತಿ, ಅಷ್ಟೂ ಜನರೆದುರು ಅಜ್ಜಿಯ ಮೇಲೆ ಕೂಗಾಡಿದಳು. “ಸೊಸೇನ ಕೊಲ್ತೀರಾ ನೀವು! ಅನ್ನ ಮುಟ್ಟಲಿಲ್ಲ ಅಂತ ಯಾರಾದ್ರೂ ಸಾಯ್ತಾರಾ?” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯ ಮುಖ್ಯಸ್ಥ ಮೆಲ್ಲಗೆ, “ನಾಳೆ ಬೇರೆ ದೋಣೀಲಿ ಕಳಿಸ್ತೀವಿ,” ಎಂದ. ಸಂದಾ ಕಾಗದ ಚಾಚಿದಳು. ಬರುವುದಿಲ್ಲವೆಂದು ಲುಲಾ ಸಹಿ ಮಾಡಿದಳು.

ದೋಣಿ ಹೊರಟಿತು. ನದಿಯ ತಿರುವುಗಳು ಒಂದೊಂದಾಗಿ ಹಿಂದೆ ಸರಿದವು. ಸಹಿ ಚೀಲದಲ್ಲಿತ್ತು, ಇನ್ನು ಯಾರೂ ಅವಳನ್ನು ಏನೂ ಅನ್ನುವಂತಿರಲಿಲ್ಲ. ಆ ನಿಶ್ಚಿಂತೆಯೇ ಅವಳಿಗೆ ಹೇಸಿಗೆಯಾಯಿತು. ನಾಳೆಯ ತನಕ ಲುಲಾ ಉಳಿಯಲಾರಳೆಂದು ಗೊತ್ತಿದ್ದೂ ತಾನು ಮನೆಗೆ ಹೊರಟಿದ್ದೇನೆ!

“ತಿರುಗಿಸು,” ಎಂದಳು.

“ಕತ್ತಲಾಗುತ್ತೆ ಡಾಕ್ಟ್ರಮ್ಮ. ಕತ್ತಲಲ್ಲಿ ನದಿ ಇಳಿಬಾರದು ಅಂತ ಆಸ್ಪತ್ರೆ ರೂಲು.”

“ತಿರುಗಿಸಪ್ಪ, ನಿಂಗೆ ಕೈ ಮುಗೀತೀನಿ.”

ಮಿಂದು ಅಜ್ಜಿಯ ಮುಂದೆ ಸಂದಾ ಚಾಪೆಯ ಮೇಲೆ ಕೂತಳು. “ತಪ್ಪಾಯ್ತು ಅಜ್ಜಿ. ಗೊತ್ತಿರ್ಲಿಲ್ಲ. ಅನ್ನ ಕೊಡಿ.”

ಅಜ್ಜಿ ಅವಳ ಮುಖವನ್ನೇ ನೋಡಿ ಒಳಗೆ ಹೋದಳು. ಮೊದಲು ಬಡಿಸಿದ್ದನ್ನು ನಾಯಿಗೆ ಹಾಕಿಯಾಗಿತ್ತು. “ಗಡಿಗೇಲಿ ತಣ್ಣಗಿನದು ಇದ್ರೆ ಅದನ್ನೇ ತನ್ನಿ,” ಎಂದು ಸಂದಾ ಕೂಗಿದರೂ ಅಜ್ಜಿ ಒಲೆ ಹೊತ್ತಿಸಿದಳು. ಬೈದು ಹೋದವಳು ತಿರುಗಿ ಬಂದು ಕೇಳುವಾಗ ಹಳಸಲು ಕೊಡುವ ಮನೆಯಲ್ಲ ಅದು. ಅಕ್ಕಿ ಬೇಯುವವರೆಗೆ ಸಂದಾ ಲುಲಾಳ ಕೈ ಹಿಡಿದು ಕೂತಳು. ಆಮೇಲೆ ಅವಸರವಾಗಿ ಉಂಡಳು. ಎಲ್ಲರ ಮುಖ ಸಡಿಲವಾಯಿತು. ಲುಲಾಳನ್ನು ನಾಲ್ಕು ಜನ ಎತ್ತಿ ದೋಣಿಯಲ್ಲಿ ಮಲಗಿಸಿದರು. ಅಜ್ಜಿಯೂ ಹತ್ತಿದಳು.

ಅರ್ಧ ದಾರಿಯವರೆಗೂ ಮಗುವಿನ ಎದೆಬಡಿತ ಸಂದಾಳ ಕಿವಿಗೆ ಕೇಳುತ್ತಿತ್ತು. ಆಮೇಲೆ ಸೆಳೆತ ಬಂತು. ಅದನ್ನು ಹೇಗೋ ತಡೆದಳು. ರಕ್ತ ಹೋಗತೊಡಗಿತು. ಪೇಟೆಯ ದೀಪ ಕಾಣುವ ಹೊತ್ತಿಗೆ ಹೊಟ್ಟೆಯ ಮೇಲೆ ಎಲ್ಲಿ ಕಿವಿಗೊಟ್ಟರೂ ಸದ್ದಿಲ್ಲ. ಲುಲಾ ಬದುಕಿದಳು. ಹೆಣ್ಣುಮಗು, ಮೈಕೈ ತುಂಬಿಕೊಂಡಿತ್ತು, ಉಸಿರಿರಲಿಲ್ಲ.

ಮಾರನೆಯ ದಿನ ವಾರ್ಡಿನಲ್ಲಿ ಮಿಂದು ಅಜ್ಜಿ ಸಂದಾಳ ಎರಡೂ ಕೈ ಹಿಡಿದುಕೊಂಡಳು. “ನೀವು ತಿರುಗಿ ಬಂದು ಉಂಡ್ರಿ. ಅದಕ್ಕೇ ನನ್ನ ಸೊಸೆ ಉಳಿದ್ಲು.”

ಸಂದಾಳಿಗೆ ತಡೆಯಲಾಗಲಿಲ್ಲ. “ಮೊದಲೇ ಮುಟ್ಟಿದ್ದಿದ್ರೆ ಮಗೂನೂ ಉಳೀತಿತ್ತು ಅಜ್ಜಿ.”

ಪಕ್ಕದಲ್ಲಿದ್ದ ಡಾಕ್ಟರ್ ಮ್ಯೊ ಅವಳ ತೋಳು ಜಗ್ಗಿದರು. “ಹುಚ್ಚಾ ನಿಂಗೆ? ಹಾಗೆಲ್ಲ ಒಪ್ಕೋಬಾರದು!”

“ಹೌದು,” ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಉಳೀತಿತ್ತು.”

ಅಜ್ಜಿ ಇಲ್ಲ, ನಿಮ್ಮ ತಪ್ಪಲ್ಲ ಎನ್ನುತ್ತಾಳೆಂದು ಸಂದಾ ಕಾದಿದ್ದಳು.