ಭಾವನ ಕೋಟು, ನೆರವಿನ ಸಾಲು

ನಮ್ಮ ಭಾವ ದರ್ಜಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಬಾಗಿಲು, ಅದರ ಪಕ್ಕಕ್ಕೆ ಹೊಲಿಗೆ ಯಂತ್ರ, ಗೋಡೆಗೆ ಒಂದು ಉದ್ದನೆಯ ಕನ್ನಡಿ. ಬೋರ್ಡು ಮಾತ್ರ ಇಲ್ಲ. ಯಾಕಿಲ್ಲ ಅಂತ ಕೇಳಿದವರಿಗೆ ತಮ್ಮ ಬೂದು ಕೋಟಿನ ಅಂಚು ಹಿಡಿದು ತೋರಿಸಿ, "ಇದಕ್ಕಿಂತ ಬೋರ್ಡು ಬೇಕಾ?" ಅನ್ನುತ್ತಾರೆ. ತರಕಾರಿ ತರುವುದಕ್ಕೂ ಅದೇ ಕೋಟು. ಬೆವರು ಕತ್ತಿನಿಂದ ಇಳಿಯುತ್ತಿದ್ದರೂ ಗುಂಡಿ ಬಿಚ್ಚುವ ಪೈಕಿ ಅಲ್ಲ. ನಾನು ಬಾಗಿಲಲ್ಲಿ ನಿಂತು, "ಮದುಮಗ ಹೊರಟರು, ದಾರಿ ಬಿಡಿ" ಅಂತ ರೇಗಿಸುತ್ತಿದ್ದೆ. ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದ ನಾದಿನಿಗೆ ಅಷ್ಟು ಸಲಿಗೆ ಇದ್ದೇ ಇರುತ್ತದಲ್ಲ.

ಆ ಕೋಟಿಗೆ ಮರುಳಾಗಿ ಬರುವ ಗಿರಾಕಿಗಳ ಕಾಲ ಮುಗಿದು ಬಹಳ ದಿನವಾಗಿತ್ತು. ಎಲ್ಲರೂ ರೆಡಿಮೇಡ್ ಕೊಳ್ಳುತ್ತಾರೆ. ಭಾವನ ಹತ್ತಿರ ಬರುವುದು ಕೆಟ್ಟುಹೋದ ಜಿಪ್ಪು, ಉದ್ದವಾದ ಪ್ಯಾಂಟು, ಅಷ್ಟೇ. ನಾನು ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ. ನನ್ನ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಅಷ್ಟರಲ್ಲಿ ಅಕ್ಕನ ಹಿಮ್ಮಡಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯ ಗಾಯ, ಮಾಯುವುದೇ ಇಲ್ಲ. ಔಷಧಿ ತಪ್ಪಿದರೆ ಕಾಲು ಉಳಿಯುವುದಿಲ್ಲ ಅಂತ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. ದುಡ್ಡಿಲ್ಲದೆ ನಾವು ಆಗಲೇ ಔಷಧಿ ತಪ್ಪಿಸುತ್ತಿದ್ದೆವು.

ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು ಒಂದು ದಿನ ನನ್ನ ಕಿವಿಯಲ್ಲಿ, "ಆದಾಯ ಕಡಿಮೆ ಇರೋ ಮನೆಗಳಿಗೆ ಔಷಧಿ ಪುಕ್ಕಟೆ ಸಿಗೋ ಕಾರ್ಡಿದೆ, ವಿಚಾರಿಸಿ" ಅಂದಳು. ಎಲ್ಲಿ ವಿಚಾರಿಸಬೇಕು ಅಂತ ಅವಳಿಗೂ ಗೊತ್ತಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದನ್ನು ತೋರಿಸಿದರು, ಅಲ್ಲಿಗೆ ಹೋದರೆ ಮೊದಲನೆಯದನ್ನೇ ತೋರಿಸಿದರು. ಹೋದಲ್ಲೆಲ್ಲ ದನಿ ತಗ್ಗಿಸಿ, "ನಮಗಲ್ಲ, ಪಕ್ಕದ ಮನೆಯವರಿಗೆ" ಅಂತಲೇ ಕೇಳಿದೆ. ಜಗಳಕ್ಕೆ ನಿಂತರೆ ಬೀದಿಗೇ ಕೇಳಿಸುವ ಗಂಟಲು ನನ್ನದು, ಅಲ್ಲಿ ಮಾತ್ರ ಒಣಗಿಹೋಗುತ್ತಿತ್ತು. ಕೊನೆಗೆ ಸರಿಯಾದ ಕಚೇರಿ ಸಿಕ್ಕಿತು. ಕಿಟಕಿಯಲ್ಲಿದ್ದ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಕ್ಕದ ಮನೆ ಯಜಮಾನರೇ ಬರಬೇಕು ಅಂತ ಹೇಳಮ್ಮ. ಅರ್ಜಿ ತಗೊಳ್ಳೋದು ನಾಳೆ ಸಂಜೆಗೆ ಮುಗೀತು, ಆಮೇಲೆ ಮುಂದಿನ ವರ್ಷವೇ" ಅಂದ. ಅವನಿಗೆ ಎಲ್ಲ ಅರ್ಥವಾಗಿತ್ತು.

ಭಾವನಿಗೆ ಹೇಳಿದಾಗ ಕೈಯಲ್ಲಿದ್ದ ಕತ್ತರಿ ನಿಂತಿತು. "ನಾನು ಹೋಗಿ ಕೈ ಚಾಚಬೇಕಾ?" ಅಂದರು. ನಾನು ಒಳಕೋಣೆಯ ಕಡೆ ಬೊಟ್ಟು ಮಾಡಿದೆ. ಅಲ್ಲಿ ಅಕ್ಕ ದಿಂಬಿನ ಮೇಲೆ ಕಾಲಿಟ್ಟುಕೊಂಡು, ನಮಗೆ ಕೇಳಿಸಬಾರದೆಂದು ಹಲ್ಲು ಕಚ್ಚಿ ನರಳುತ್ತಿದ್ದಳು. ಭಾವ ಕತ್ತರಿ ಕೆಳಗಿಟ್ಟರು.

ಬೆಳಿಗ್ಗೆ ನೋಡುತ್ತೇನೆ, ಕೋಟಿಗೆ ಇಸ್ತ್ರಿ ನಡೆದಿದೆ! ಜೊತೆಗೆ ಟೈ ಬೇರೆ. ನನ್ನ ಪಿತ್ತ ನೆತ್ತಿಗೇರಿತು.

"ಭಾವ, ಇವತ್ತೊಂದು ದಿನ ಹಳೇ ಬಟ್ಟೇಲಿ ಬನ್ನಿ."

"ದರ್ಜಿ ಹರಕು ಬಟ್ಟೇಲಿ ಹೋದ್ರೆ ಇವನ ಕೈಕೆಲಸ ಇಷ್ಟೇ ಅಂತಾರಮ್ಮ. ಅಲ್ಲಿ ನಿಂತಿರೋರಲ್ಲಿ ಯಾರಾದ್ರೂ ನಾಳೆ ಗಿರಾಕಿ ಆಗಬಹುದು."

ಪುಕ್ಕಟೆ ಔಷಧಿಗೆ ನಿಂತವರು ಇವರ ಹತ್ತಿರ ಕೋಟು ಹೊಲಿಸುತ್ತಾರಂತೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಚೇರಿಯ ಬಾಗಿಲು ದಾಟಿದ್ದೇ ತಡ, ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಕಾವಲುಗಾರ ಸಲಾಮು ಹೊಡೆದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿದ. ಯಾರೋ ದೊಡ್ಡ ಅಧಿಕಾರಿ ತಪಾಸಣೆಗೆ ಬಂದಿದ್ದಾರೆ ಅಂತ ಅವರ ಲೆಕ್ಕ. ಒಬ್ಬಳು ಅಜ್ಜಿ ಹತ್ತಿರ ಬಂದು ಕೈಮುಗಿದು, "ಸಾಹೇಬ್ರೇ, ಬೆಳಿಗ್ಗೆಯಿಂದ ನಿಂತಿದ್ದೀನಿ. ಸ್ವಲ್ಪ ಬೇಗ ಕಳಿಸೋಕೆ ಹೇಳಿ" ಅಂದಳು. ನಾನೂ ನಿನ್ನ ಹಾಗೆಯೇ ಬಂದವನು ತಾಯಿ ಅಂತ ಭಾವ ಆಗಲೇ ಹೇಳಬೇಕಿತ್ತು. ಕತ್ತು ನೆಟ್ಟಗೆ ಮಾಡಿ, "ನೋಡೋಣಮ್ಮ, ನೋಡೋಣ" ಅಂದುಬಿಟ್ಟರು. ಆ ಮಾತು ಬಾಯಿಂದ ಬಿದ್ದಮೇಲೆ ಅವರು ಸಾಲಿಗೆ ಬರುವುದಾದರೂ ಹೇಗೆ? ಕುರ್ಚಿಯಲ್ಲೇ ಕೂತರು. ಅವರ ಪರವಾಗಿ ನಾನು ಸಾಲಿನಲ್ಲಿ ನಿಂತೆ.

ಸಂಜೆಯ ಹೊತ್ತಿಗೆ ನಮ್ಮ ಸರದಿ ಬಂತು. "ದರ್ಜಿ ಮನೆಯವರು!" ಅಂತ ಗುಮಾಸ್ತ ಕೂಗಿದ. ಭಾವ ಫ್ಯಾನು ನೋಡುತ್ತಿದ್ದರು. "ಯಜಮಾನ್ರು ಎಲ್ಲಮ್ಮ?" ಅಂದ. ನಾನು ಭಾವನ ಕಡೆ ನೋಡಿದೆ. ಅವರು ನನ್ನನ್ನು ಕಂಡೇ ಇಲ್ಲದವರಂತೆ ಮುಖ ತಿರುಗಿಸಿದರು. "ಇಲ್ವಾ? ಸರಿ, ಮುಂದಿನವರು ಬನ್ನಿ."

ಆಗ ನನ್ನ ಗಂಟಲು ವಾಪಸು ಬಂತು.

"ಕೂತಿರಿ ಭಾವ, ಹಾಯಾಗಿ ಕೂತಿರಿ! ಅಕ್ಕನ ಕಾಲು ಕತ್ತರಿಸಿದ ಮೇಲೆ ಅವಳಿಗೂ ಒಂದು ಕೋಟು ಹೊಲಿದುಕೊಡಿ!"

ಇಡೀ ಕೋಣೆ ಭಾವನ ಕಡೆ ತಿರುಗಿತು. ಭಾವ ಎದ್ದು ಬಂದರು. ಆಗಷ್ಟೇ ತನ್ನ ಸರದಿ ಮುಗಿಸಿದ್ದ ಅಜ್ಜಿ ಪಕ್ಕಕ್ಕೆ ಸರಿದಳು, ಆದರೆ ಈ ಸಲ ಕೈಮುಗಿಯಲಿಲ್ಲ.

ಗುಮಾಸ್ತ ಪೆನ್ನು ಕೆಳಗಿಟ್ಟ. "ಈ ಕೋಟು ಕಣ್ಣೆದುರಿಗೆ ಇಟ್ಕೊಂಡು ಆದಾಯ ಇಲ್ಲ ಅಂತ ಹೇಗೆ ಬರೀಲಿ ಸ್ವಾಮಿ? ನಾಳೆ ಮೇಲಿನವರು ನನ್ನನ್ನ ಕೇಳ್ತಾರೆ."

"ಅದು ನನ್ನ ಬೋರ್ಡು ಸ್ವಾಮಿ. ಆದಾಯ ಅಲ್ಲ."

"ಹಾಗಂತ ಬರೆಯೋಕಾಗುತ್ತಾ?"

ಭಾವ ಒಂದೊಂದೇ ಗುಂಡಿ ಬಿಚ್ಚಿದರು. ಕೋಟು ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟರು. ಒಳಗೆ ಬಿಳಿ ಅಂಗಿ, ಗರಿಗರಿ ಕಾಲರು, ಮುಂಗೈಗೆ ಹೊಳೆಯುವ ಗುಂಡಿ. ಆಮೇಲೆ ಗುಮಾಸ್ತನಿಗೆ ಬೆನ್ನು ಮಾಡಿ ನಿಂತರು. ಕೈಯಲ್ಲಿ ಕೋಟು ಹಿಡಿದು ಕಿಟಕಿಯ ಪಕ್ಕದಲ್ಲಿದ್ದ ನನಗೂ ಆ ಬೆನ್ನು ಕಂಡಿತು. ಅಂಗಿಗೆ ಬೆನ್ನಿನ ಬಟ್ಟೆಯೇ ಇರಲಿಲ್ಲ. ಯಾರ್‍ಯಾರದೋ ಕೋಟುಗಳ ಲೈನಿಂಗಿನ ಚೂರು, ಹೂವಿನ ಪರದೆಯ ತುಂಡು, ಹಿಟ್ಟಿನ ಚೀಲದ ಬಟ್ಟೆ, ಎಲ್ಲವನ್ನೂ ಸೇರಿಸಿ ಹೊಲಿದಿದ್ದರು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ತಮ್ಮ ಅಂಗಿಗಳನ್ನು ತಾವೇ ಒಗೆದು, ಯಂತ್ರದ ಹಿಂದೆ ಒಣಗಿಸಿಕೊಳ್ಳುತ್ತಿದ್ದರು. ನಮ್ಮ ಕೈಗೆ ಕೊಡುತ್ತಲೇ ಇರಲಿಲ್ಲ. ಅದೂ ಒಂದು ಜಂಬ ಅಂದುಕೊಂಡಿದ್ದೆ.

ಅವರು ತಿರುಗುವ ಮೊದಲೇ ಆ ಬೆನ್ನು ಕಂಡಿದ್ದ ಯಾರೋ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಗುಮಾಸ್ತ ಬರೆಯುತ್ತಾ ಹೋದ. ಅವನಿಗೆ ಬೆನ್ನು ಕೊಟ್ಟಿದ್ದರಿಂದ ಭಾವನ ಮುಖ ಸಾಲಿನ ಕಡೆಗಿತ್ತು, ಅಷ್ಟು ಜನರೆದುರು. ಕಣ್ಣು ಮಾತ್ರ ನೆಲದ ಮೇಲೆ. ಸಾಕು, ಈ ಕಡೆ ತಿರುಗಿ ಅಂತ ಹೇಳಬೇಕೆನಿಸಿತು, ಕೋಟನ್ನು ಅವುಚಿಕೊಂಡು ನಿಂತೇ ಇದ್ದೆ. ನಾನು ಕೇಳಿದ್ದು ಕಾರ್ಡನ್ನು, ಇದನ್ನಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮುದ್ರೆ ಒತ್ತಿ ಕಾರ್ಡು ಕೊಡುವಾಗ ಗುಮಾಸ್ತ ಮೆಲ್ಲಗೆ, "ಔಷಧಿ ಅಂಗಡಿಗೆ ಕೋಟು ಹಾಕ್ಕೊಂಡು ಹೋಗಬೇಡಿ. ಯಾರಾದ್ರೂ ನೋಡಿ ದೂರು ಕೊಟ್ರೆ ಕಾರ್ಡು ಹೋಗುತ್ತೆ" ಅಂದ. ಒಳ್ಳೆಯದಕ್ಕೇ ಹೇಳಿದ್ದು.

ಮರುದಿನ ಭಾವ ಕೋಟನ್ನು ಗೂಟಕ್ಕೆ ತಗುಲಿಹಾಕಿ ಹೊರಟರು. ಮೈಮೇಲೆ ಅದೇ ಅಂಗಿ, ಇದ್ದುದರಲ್ಲಿ ಒಳ್ಳೆಯದು ಅದೊಂದೇ. ಅಕ್ಕ ಮಲಗಿದ್ದಲ್ಲಿಂದಲೇ, "ಇದೇನ್ರೀ, ಕೋಟಿಲ್ಲದೆ?" ಅಂದಳು.

"ಸೆಕೆ ಕಣೇ" ಅಂದರು, ಅವಳ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಸರಿದು ಬಾಗಿಲು ದಾಟುತ್ತಾ. ಹೊರಗೆ ಮೋಡ ಕವಿದು ತಣ್ಣಗಿತ್ತು.

ಬೀದಿಯಲ್ಲಿ ಜನವೋ ಜನ. ಗುರುತಿನವರೇ ಎಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿ, ಅವರ ಬೆನ್ನಿಗೆ ಅಂಟಿದಂತೆ ಹಿಂದೆಯೇ ನಡೆದೆ.

"ಏನಮ್ಮ ಇದು, ಬಾಲದ ಹಾಗೆ? ಪಕ್ಕದಲ್ಲಿ ಬಾ."

"ನಿಮ್ಮ ನಡಿಗೆ ಜೋರು ಭಾವ. ನನಗೆ ಸರಿಸಮ ಬರೋಕಾಗಲ್ಲ."

ಅವರು ನಡಿಗೆ ನಿಧಾನ ಮಾಡಿದರು. ನಾನೂ ಮಾಡಿದೆ. ಆಮೇಲೆ ಅವರು ತಿರುಗಿ ನೋಡಲಿಲ್ಲ. ಔಷಧಿ ಅಂಗಡಿಯವರೆಗೂ ನಾವು ಹಾಗೆಯೇ ಹೋದೆವು.