ಹೋರಿಯ ಕೊರಳಲ್ಲಿ ಕಟ್ಟಿದ ಪದಕ

ಹಿರೇಕೆರೂರಿನ ನನ್ನ ತವರಿನಲ್ಲಿ ಸರಕಾರದಿಂದ ಒಂದು ಚೀಟಿ ಬಂದರೂ ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಪಕ್ಕ ತೂಗುಹಾಕುತ್ತಿದ್ದರು. ತಿಳವಳ್ಳಿಗೆ ಸೊಸೆಯಾಗಿ ಬಂದ ಮೊದಲ ದೀಪಾವಳಿಗೇ ನಾನು ಕಂಡದ್ದೇನು? ನಮ್ಮ ಮಾವ ಬರ್ಮಾ ಯುದ್ಧದಲ್ಲಿ ಪಡೆದ ಪದಕವನ್ನು ಹೋರಿಯ ಕೊರಳಿಗೆ, ಒಣಕೊಬ್ಬರಿ ಸರದ ನಡುವೆ, ಬಿಗಿಯಾಗಿ ಕಟ್ಟುತ್ತಿದ್ದರು!

ಹೊಸ ಸೊಸೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವ್ವ ಹೇಳಿ ಕಳಿಸಿದ್ದಳು. ಆ ಮಾತು ಬಸ್ಸು ಊರು ದಾಟುವಷ್ಟರಲ್ಲೇ ನನಗೆ ಮರೆತುಹೋಗಿತ್ತು. "ಮಾವಾರ, ಇದೇನ್ರಿ ಇದು?" ಎಂದೆ.

"ಇದು ನಂದಲ್ಲ ಯವ್ವಾ, ನನ್ನ ಹ್ಯಾಸರಗತ್ತಿದು. ಗಾಯ ಆದ ಸಿಪಾಯಿನ್ನ ಹೊತ್ತು ಗುಡ್ಡ ಇಳಿಸಿದ್ದು ಅದು. ನಾ ಬರೇ ಹಗ್ಗ ಹಿಡದಿದ್ದೆ. ಈಗ ಅದಿಲ್ಲ, ಅದಕ್ಕ ಈ ಹೋರಿಗೆ ಕಟ್ಟೇನಿ."

ಮಾವ ಪಲ್ಟನ್ನಿನಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದವರು. ನಮ್ಮ ಕಡೆ ಕತ್ತೆಗೆ ಕತ್ತಿ ಎಂದೇ ಅನ್ನುವುದು, ಊರಿನವರಿಗೆ ಇಷ್ಟು ಸಿಕ್ಕರೆ ಸಾಕಲ್ಲ! ಕಟ್ಟೆಯ ಮೇಲೆ ಕುಂತವರು "ಕತ್ತಿ ಸರದಾರ ಬಂದ್ರ ನೋಡ್ರೆಪಾ" ಎನ್ನುತ್ತಿದ್ದರು. ಮಾವನೂ ಅವರ ಜೊತೆ ನಗುತ್ತಿದ್ದರು. ನಗದವರು ಅತ್ತೆ ಒಬ್ಬರೇ. ಯುದ್ಧದ ಕಾಲದಲ್ಲಿ ಗಂಡ ಸತ್ತನೋ ಬದುಕಿದನೋ ತಿಳಿಯದಿದ್ದಾಗ, ಬಳೆ ಒಡಿ ಎಂದವರ ಬಾಯಿ ಬಡಿದು ಕಾದು ಕುಳಿತ ಹೆಂಗಸು ಅವರು. ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ, ನಾಲ್ಕು ಜನರೆದುರು ಗಂಡನಿಗೆ ಮರ್ಯಾದೆ ಸಿಗುವುದನ್ನು ನೋಡಬೇಕು ಎಂಬುದು ಅವರ ಆಸೆ.

ಅಂದು ಬೆಳಿಗ್ಗೆ ಹಬ್ಬದ ಸ್ನಾನಕ್ಕೆ ಬಿಸಿನೀರು ಒಯ್ದಾಗ ಅತ್ತೆ ಮಾವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಎರಡೂ ಹೆಗಲ ಮೇಲೆ ಹಗ್ಗ ಒತ್ತಿದಂಥ ಹಳೆಯ ಬರೆಗಳು, ನೊಗ ಉಜ್ಜಿದ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದ್ದವು. ಅವು ಹೇಗಾದವೆಂದು ಆಮೇಲೆ ಅತ್ತೆಯನ್ನು ಕೇಳಿದೆ. "ನಂಗೂ ಹೇಳಿಲ್ಲ ಯವ್ವಾ, ಕೇಳಿದ್ರ ನಗ್ತಾರ" ಎಂದರು.

ಅತ್ತೆಯ ಆಸೆ ಕೈಗೂಡುವ ದಿನವೂ ಹತ್ತಿರ ಬಂದಿತ್ತು. ಹಬ್ಬದ ಮರುವಾರ ಹಾನಗಲ್ಲಿನಲ್ಲಿ ಮಾಜಿ ಸೈನಿಕರಿಗೆ ಸನ್ಮಾನ, ಪದಕ ಹಾಕಿಕೊಂಡೇ ಬರಬೇಕೆಂದು ಮಾಮಲೇದಾರರು ಹೇಳಿ ಕಳಿಸಿದ್ದರು. "ಇದೊಂದು ವರ್ಷ ಹೋರಿಗೆ ಕಟ್ಟಬ್ಯಾಡ್ರಿ" ಎಂದು ಅತ್ತೆ ಗೋಗರೆದರು. "ಇಷ್ಟ ವರ್ಷದಾಗ ನಮ್ಮ ಹೋರಿನ್ನ ಯಾವನರ ಮುಟ್ಟ್ಯಾನೇನು?" ಎಂದು ಮಾವ ಗಂಟು ಬಿಗಿದರು.

ನಮ್ಮ ಕಡೆಯ ಹೋರಿ ಹಬ್ಬವೆಂದರೆ ಹಾಗೆಯೇ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಬೆದರಿಸಿ ಓಡಿಸುತ್ತಾರೆ, ಪಡ್ಡೆ ಹುಡುಗರು ಮೇಲೆ ಬಿದ್ದು ಸರ ಹರಿಯುತ್ತಾರೆ. ಹರಿದುಕೊಂಡದ್ದು ಹರಿದುಕೊಂಡವನದ್ದು, ಮರಳಿ ಕೇಳುವಂತಿಲ್ಲ. ನಾವು ಹೆಂಗಸರು ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ಹೋರಿಗೆ ವಯಸ್ಸಾಗಿದ್ದು ಯಾರಿಗೂ ಹೊಳೆದಿರಲಿಲ್ಲ. ಗುಡಿಯ ಮುಂದೆ ಒಂದು ಸಲ ಮುಗ್ಗರಿಸಿತು ನೋಡಿ, ರಟ್ಟೀಹಳ್ಳಿ ಕಡೆಯ ದಾಂಡಿಗನೊಬ್ಬ ಜೋತುಬಿದ್ದು ಪದಕದ ಸಮೇತ ಸರ ಕಿತ್ತುಕೊಂಡು ಗದ್ದಲದಲ್ಲಿ ಮಾಯವಾದ.

"ಅಯ್ಯ ನನ್ನ ದೈವವ!" ಎಂದು ಅತ್ತೆ ಅಲ್ಲೇ ಕುಸಿದರು. ಆಮೇಲೆ ಕೆಳಗಿಳಿದು ಗಂಡನಿಗೆ, "ಹೋಗಿ ಕೇಳಿ ತರ್ರಿ" ಎಂದರು.

"ಕೇಳಾಕ ಬರೂದಿಲ್ಲ. ಹರಕೊಂಡಾಂವಂದು ಅದು" ಎಂದು ಮಾವ ಹೋರಿಯ ಕಾಲು ನೀವುತ್ತ ಕುಳಿತರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಗಂಡಸರಿಗೆ ಏನನ್ನಬೇಕು ಹೇಳಿ!

ಸನ್ಮಾನಕ್ಕೆ ಮಾವ ಎದೆಯ ಮೇಲೆ ಪದಕವಿಲ್ಲದೆಯೇ ಹೊರಟರು, ತಲೆಗೆ ಸುತ್ತಿದ ಮಡಿ ಪಟಗವೊಂದೇ ಅಲಂಕಾರ. ಹಾನಗಲ್ಲಿನ ಶಾಲೆಯ ಬಯಲು ಜನರಿಂದ ತುಂಬಿತ್ತು. ಮಾಮಲೇದಾರರು "ನಿಮ್ಮ ಪದಕ ಎಲ್ಲಿ?" ಎಂದು ಕೇಳಿದರು.

"ಹೋರಿ ಹಬ್ಬದಾಗ ಹರಕೊಂಡ ಹೋದಾರ್ರಿ ಸಾಹೇಬ್ರ."

ಬಯಲಿಗೆ ಬಯಲೇ ನಕ್ಕಿತು. ಯಾವ ಸಾಹಸಕ್ಕೆ ಕೊಟ್ಟಿದ್ದರು ಎಂದು ಅವರು ಕೇಳಿದರು. "ಗಾಯ ಆದಾಂವನ್ನ ಕತ್ತಿ ಹೊತ್ತಿತ್ರಿ. ನಾ ಬರೇ ಹಗ್ಗ ಹಿಡದಿದ್ದೆ" ಎಂದರು ಮಾವ. ಹಿಂದಿನಿಂದ ಯಾರೋ "ಕತ್ತಿ ಸರದಾರ!" ಎಂದು ಕೂಗಿದರು.

ನನ್ನ ಪಕ್ಕದಿಂದ ಅತ್ತೆ ಎದ್ದು ನಿಂತರು. ಕಟ್ಟೆಯ ಮುಂದೆ ಹೋಗುವಾಗ ಸೆರಗು ಎಳೆದುಕೊಳ್ಳುತ್ತಿದ್ದ ಹೆಂಗಸು!

"ಕತ್ತಿ ಹೊತ್ತಿದ್ರ ಇವರ ಹೆಗಲ ಮ್ಯಾಲ ಹಗ್ಗದ ಬರಿ ಹ್ಯಾಂಗ ಮೂಡಿದುವು? ಅದನ್ನ ಕೇಳ್ರಿ ಸಾಹೇಬ್ರ! ನಾ ಕೇಳಿದ್ರ ಹೇಳೂದಿಲ್ಲ!"

ನಗೆ ನಿಂತಿತು. ಮಾವ ಪಟಗದ ಸೆರಗು ತಿರುವುತ್ತ ಹೇಳಿದರು. "ಅರ್ಧ ದಾರ್ಯಾಗ ಕತ್ತಿಗೆ ಗುಂಡ ಬಿತ್ರಿ. ಸಿಪಾಯಿ ಇನ್ನೂ ಉಸುರಾಡ್ತಿದ್ದ, ಬಿಟ್ಟ ಬರಾಕ ಆಗಲಿಲ್ಲ. ಅದರ ಹಗ್ಗದಲೇ ಬೆನ್ನಿಗೆ ಕಟ್ಟಿಗೊಂಡೆ. ಆದ್ರ ಎತ್ತರದ ಗುಡ್ಡ ಇಳಿಸಿದ್ದು ಕತ್ತೀನ ರೀ."

ಮಾಮಲೇದಾರರು ಕುರ್ಚಿಯಿಂದ ಎದ್ದು ಬಂದು ಮಾಲೆ ಹಾಕಿ ಕೈ ಮುಗಿದರು. ಅವರ ಹಿಂದೆ ಬಯಲೆಲ್ಲ ಎದ್ದು ನಿಂತಿತು. ಅತ್ತೆ ಅತ್ತರು. ನಾನೂ ನಾಚಿಕೆ ಬಿಟ್ಟು ಜೋರಾಗಿ ಅತ್ತುಬಿಟ್ಟೆ.

ಬಸ್‌ಸ್ಟ್ಯಾಂಡಿನಲ್ಲಿ ಸನ್ಮಾನದ ಬಯಲಿನಲ್ಲಿ ಎಲ್ಲ ಕೇಳಿದ್ದ ಆ ದಾಂಡಿಗ ತಲೆ ತಗ್ಗಿಸಿ ಬಂದು ಪದಕ ಮುಂದೆ ಹಿಡಿದ. "ಹರಕೊಂಡದ್ದು ನಿಂದೋ ತಮ್ಮಾ" ಎಂದರು ಮಾವ. ಅತ್ತೆ ಅವನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು. "ಆ ನೇಮ ಗಂಡಸರದು. ನಂಗ ಹತ್ತೂದಿಲ್ಲ."

ಮರುವರ್ಷದ ದೀಪಾವಳಿಗೆ ಮತ್ತೆ ಬಿಸಿನೀರು ಒಯ್ದೆ. ಅತ್ತೆ ಆ ಬರೆಗಳ ಮೇಲೆ ನಿಧಾನವಾಗಿ ಎಣ್ಣೆ ತಿಕ್ಕುತ್ತಲೇ ಇದ್ದರು.

"ಸಾಕ ಬಿಡ, ನೀರ ಆರಾಕತ್ತಾವು" ಎಂದರು ಮಾವ.

"ಸುಮ್ಮನ ಕುಂಡ್ರಿ" ಎಂದರು ಅತ್ತೆ. "ನಿಮ್ಮ ಪಾಲಿನ ಎಣ್ಣಿ ಆತು. ಇದು ಕತ್ತಿ ಪಾಲಿಂದು."