ಲಿಫ್ಟ್ ಉಂಟಾ?

ತಪ್ಪು ನನ್ನದೇ. ಅಮ್ಮನಿಗೆ ಕಡಿಮೆ ಖರ್ಚಿನಲ್ಲಿ ಮೈಸೂರು ತೋರಿಸಲೆಂದು ಲಿಫ್ಟ್ ಇಲ್ಲದ ಮೂರನೇ ಮಹಡಿಯ ಅಗ್ಗದ ರೂಮೊಂದನ್ನು ನೋಡಿಟ್ಟಿದ್ದೆ. ಮಂಡಿನೋವಿನ ಅಮ್ಮನೋ, ಪಕ್ಕದ ಮನೆಯ ನರ್ಸ್ ಆಂಟಿ ಹೂಂ ಅನ್ನದೆ ನಮ್ಮ ಶಕ್ತಿನಗರ ದಾಟುತ್ತಿರಲಿಲ್ಲ. ಆ ಆಂಟಿಯೋ, ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೂ ಕನ್ನಡಕ ಹಣೆಗೇರಿಸಿ, "ಎಷ್ಟನೇ ಮಾಳಿಗೆ? ಲಿಫ್ಟ್ ಉಂಟಾ?" ಎಂದೇ ಕೇಳುತ್ತಿದ್ದರು.

ಹಾಗಾಗಿ ಗೆಳೆಯನ ಮೊಬೈಲಿನಿಂದ, ಆಂಟಿಯ ಸ್ವರದಲ್ಲೇ ಅಮ್ಮನಿಗೆ ಫೋನ್ ಮಾಡಿದೆ: "ರೂಮು ಒಳ್ಳೆದುಂಟು, ಹೋಗಿ ಬನ್ನಿ."

ಆಂಟಿ ಆಗ ಅಮ್ಮನ ಎದುರೇ ಕೂತು ಚಹಾ ಕುಡಿಯುತ್ತಿದ್ದರಂತೆ; ಅಮ್ಮನೇ ಹೇಳಿದರು! ಮೈಸೂರು ಕೈತಪ್ಪಿತು ಅಂದುಕೊಂಡೆ. ಅಷ್ಟರಲ್ಲಿ ಫೋನಿನಲ್ಲಿ ಅಸಲಿ ಸ್ವರವೇ ಬಂತು:

"ಸ್ವರ ನನ್ನದೇ ಮಾರಾಯ. ಆದ್ರೆ ಲಿಫ್ಟ್ ಕೇಳದೆ ನಾನು ಯಾರನ್ನಾದ್ರೂ ಕಳಿಸ್ತೇನಾ? ಕೆಳಗಿನ ರೂಮು ಮಾಡು, ಅಮ್ಮ ಬರ್ತಾರೆ."